ಬೋಟಿನ ಮೂತಿಗೆ ಕೂತವಳು

ಮೂಗಮ್ಮನ ತೂಕ ನಲವತ್ತೆರಡು ಕೆಜಿ. ನನಗಿದು ಗೊತ್ತಿರುವುದಕ್ಕೆ ಕಾರಣವಿದೆ. ನಮ್ಮ ಯಜಮಾನರು ವೃಷಭೇಂದ್ರಪ್ಪನವರು ಚಾಮರಾಜನಗರದ ತಮ್ಮ ಅರಿಸಿನ ಮಂಡಿಯಲ್ಲಿ ಅವಳನ್ನು ತಕ್ಕಡಿ ಹತ್ತಿಸಿದಾಗ ಚೀಟಿಯಲ್ಲಿ ಬರೆದುಕೊಂಡವನು ನಾನೇ. "ಸಾಲ್ದು ಕಣಯ್ಯ. ಆದ್ರೂ ನಡೀತದೆ ಬುಡು" ಅಂದರು. ಅರಿಸಿನ ತೂಗುವಾಗಲಾದರೂ ಚೀಲದ ತೂಕ ಕಳೆಯುತ್ತಾರೆ. ಇವಳನ್ನು ಉಟ್ಟ ಸೀರೆ ಸಮೇತ ತೂಗಿದರು.

ನಾನು ನಾಗೇಂದ್ರ. ಹರದನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಹೊನ್ನಗಟ್ಟಿ ಕೆರೆಯಲ್ಲಿ ಬೋಟಿಂಗ್ ಟಿಕೆಟ್ ಹರಿಯುತ್ತೇನೆ. ಗುತ್ತಿಗೆ ವೃಷಭೇಂದ್ರಪ್ಪನವರದು. ಮೂಗಮ್ಮ ದಡ ಗುಡಿಸುವವಳು. ಅವಳ ಗಂಡ ಹುಚ್ಚಯ್ಯ ಬೋಟ್ ನಡೆಸುವವನು. ಇರುವುದು ಒಂದೇ ಬೋಟು. ಕೇರಳದಲ್ಲಿ ಯಾರೋ ಬೇಡವೆಂದು ಮಾರಿದ್ದು, ಗಡಿಕಾಡಿನ ಮದ್ದೂರು ಚೆಕ್‌ಪೋಸ್ಟ್ ದಾಟಿಕೊಂಡು ಲಾರಿಯಲ್ಲಿ ಬಂದದ್ದು. ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಪಕ್ಕದಲ್ಲಿ ಒಂದು ತಗಡಿತ್ತು: ಒಟ್ಟು ಏಳು ಜನ, ಹದಿನೈದು ಎಚ್‌ಪಿ, ಅದಕ್ಕಿಂತ ಹೆಚ್ಚು ಬೇಡ.

ಐದು ವರ್ಷ ಹತ್ತು ಎಚ್‌ಪಿಯ ಎಂಜಿನ್ ಅದನ್ನು ಮೆಲ್ಲಗೆ ಓಡಾಡಿಸಿತು. ಹೋದ ಬೇಸಗೆಯಲ್ಲಿ ಅದು ಕೆಟ್ಟಿತು. ಯಜಮಾನರು ಎಲ್ಲಿಂದಲೋ ಹಳೆಯದೊಂದು ನಲವತ್ತು ಎಚ್‌ಪಿಯದನ್ನು ತಂದು ಇಳಿಸಿದರು.

"ಬಂದೋರು ಫೋನ್ ಇಟ್ಕಂಡು ಕೂತಿರ್ತಾರೆ. ಜುಂಯ್ ಅಂತ ಹೋಗ್ಬೇಕು ಕಣಯ್ಯ" ಎಂದರು.

ಹುಚ್ಚಯ್ಯ ಸ್ಪ್ಯಾನರ್ ತಗೊಂಡು ಬೋಟಿನ ಪಕ್ಕಕ್ಕೆ ಬಡಿದ. ಟಣ್ ಎಂದಿತು. ಹಿಂದಿನ ಹಲಗೆಗೆ ಬಡಿದ. ದೊಬ್ ಎಂದಿತು.

"ಒಳಗೆ ಮರ ಕೊಳ್ತೋಗದ ಬುದ್ದಿ. ಮ್ಯಾಲೆ ಫೈಬರ್ ಹಾಕವರೆ, ಕಾಣದಿಲ್ಲ ಅಷ್ಟೆ. ಹದಿನೈದು ಅಂತ ಬರ್ದದಲ್ಲ, ಅದು ಬೋಟು ಹೊಸದಾಗಿದ್ದಾಗ. ಈಗ ಹತ್ತೇ ಹೆಚ್ಚು. ಮುರುಕಲು ಗಾಡಿಗೆ ಹೋರಿ ಕಟ್ಟಿದ್ರೆ ಮೂಕಿ ಕಿತ್ಕಂಡು ಓಯ್ತದ."

"ನೀನೇನು ಎಂಜಿನಿಯರಾ?"

"ಅಲ್ಲ ಬುದ್ದಿ."

"ಹಂಗಾದ್ರೆ ಕೂರ್ಸು."

ಕೂರಿಸಿದ. ಎಂಜಿನ್ನಿನ ಭಾರಕ್ಕೆ ಬೋಟಿನ ಹಿಂಭಾಗ ನೀರಿಗೆ ಕುಸಿಯಿತು. ಸ್ವಲ್ಪ ವೇಗ ಕೊಟ್ಟರೆ ಸಾಕು, ಮೂತಿ ಆಕಾಶ ನೋಡುತ್ತಿತ್ತು, ಹುಚ್ಚಯ್ಯನಿಗೆ ಎದುರಿನ ಕೆರೆಯೇ ಕಾಣುತ್ತಿರಲಿಲ್ಲ. ಮುಂದುಗಡೆ ಮರಳಿನ ಮೂಟೆ ಇಟ್ಟು ನೋಡಿದೆವು. ಮೂಟೆ ಒದ್ದೆಯಾಗಿ ಬಂದವರ ಬಟ್ಟೆಗೆ ಕೆಸರಾಯಿತು, ಫೋಟೊ ಚೆನ್ನಾಗಿ ಬರಲಿಲ್ಲವೆಂದು ಜಗಳವಾಯಿತು. ಆಗ ಯಜಮಾನರ ಕಣ್ಣು ದಡ ಗುಡಿಸುತ್ತಿದ್ದ ಮೂಗಮ್ಮನ ಮೇಲೆ ಬಿತ್ತು.

"ಕೂತ್ಕಂಡಿರಾ ಕೆಲ್ಸ ಕಣಮ್ಮಿ. ಪುಣ್ಯ ಮಾಡಿದ್ದೆ" ಅಂದರು. ಸಂಬಳ ಮಾತ್ರ ಗುಡಿಸುವುದರದೇ.

ಅಂದಿನಿಂದ ಅವಳು ಮೂತಿಗೆ ಕೂತಳು. ಬೋಟ್ ಅಲೆಗೆ ಹಾರಿ ಬಿದ್ದಾಗಲೆಲ್ಲ ಅವಳ ಸೊಂಟಕ್ಕೆ ಏಟು. ಬಂದವರಿಗೆ ಆರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಹುಚ್ಚಯ್ಯನಿಗೊಂದು, ಎಂಟನೆಯದು ಇರಲಿಲ್ಲ. ಅವಳಿಗೆ ಈಜೂ ಬರುತ್ತಿರಲಿಲ್ಲ. ಹುಚ್ಚಯ್ಯ ತನ್ನದನ್ನೇ ಕೊಟ್ಟರೆ, "ನೀ ಹಾಕ್ಕೊ. ನೀನೂ ಮುಳುಗುದ್ರೆ ಆ ಮಕ್ಕಳ್ನ ದಡ ಸೇರ್ಸೋರು ಯಾರು?" ಎನ್ನುತ್ತಿದ್ದಳು. ಬಂದವರ ಮಕ್ಕಳ ಬಗ್ಗೆ ಅವಳು ಹೇಳಿದ್ದು.

ಹದಿನೈದೇ ದಿನಕ್ಕೆ ಬೋಲ್ಟುಗಳ ಸುತ್ತ ನೀರು ಜಿನುಗಲು ಶುರುವಾಯಿತು. ಹುಚ್ಚಯ್ಯ ದಿನಾ ಸಂಜೆ ಅಂಟು ಮೆತ್ತುತ್ತಿದ್ದ, ಬೆಳಗಾದರೆ ಅದು ಬಿರುಕು ಬಿಡುತ್ತಿತ್ತು. ಎಂಜಿನ್ ಜೋರು ಮಾಡಿದಾಗ ಹಲಗೆ ಕೈಬೆರಳಷ್ಟು ಹಿಂದಕ್ಕೆ ಬಾಗುವುದನ್ನು ನನಗೂ ತೋರಿಸಿದ. ಗಂಡ ಹಿಂದೆ ಕೂತು ಆ ಹಲಗೆ ನೋಡುತ್ತಿದ್ದ, ಹೆಂಡತಿ ಮುಂದೆ ಕೂತು ನೀರು ನೋಡುತ್ತಿದ್ದಳು, ನಾನು ಕಿಟಕಿಯೊಳಗೆ ಕೂತು ಟಿಕೆಟ್ ಹರಿಯುತ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹರಿದೆ. ಹೊಟ್ಟೆಪಾಡು ಎಂದು ಹೇಳಿಕೊಳ್ಳುವುದು ಸುಲಭ.

ಬೋಟಿನ ಅನುಮತಿ ನವೀಕರಣಕ್ಕೆ ಸರ್ಕಾರದ ಸಾಹೇಬರು ಬರುವ ಹಿಂದಿನ ದಿನ ಯಜಮಾನರು ಆ ತಗಡು ಬಿಚ್ಚಿಸಿದರು. ಬಿಚ್ಚಿದವನೂ ನಾನೇ.

ಸಾಹೇಬರು ಹನ್ನೊಂದಕ್ಕೆ ಜೀಪಿನಲ್ಲಿ ಬಂದರು. ಎಳನೀರು ಕುಡಿದರು. ನನ್ನ ಅಕ್ಷರ ದುಂಡಗಿದೆಯೆಂದು ಫಾರಂ ನನ್ನ ಕೈಗೇ ಕೊಟ್ಟರು. ಅವರು ಹೇಳಿದಂತೆ ಬರೆದೆ. ಪ್ರಯಾಣಿಕರು ಆರು, ಚಾಲಕ ಒಬ್ಬ, ಒಟ್ಟು ಏಳು. ಆಮೇಲೆ ಸಾಹೇಬರು ಜಾಕೆಟ್ ಹಾಕಿಕೊಂಡು ಪರೀಕ್ಷೆಯ ಸುತ್ತಿಗೆಂದು ಬೋಟಿಗೆ ಕಾಲಿಟ್ಟರು. ಮೂತಿಯಲ್ಲಿ ಮೂಗಮ್ಮ ಆಗಲೇ ಕೂತಿದ್ದಳು.

"ಈಯಮ್ಮ ಯಾರು?"

"ಭಾರಕ್ಕೆ ಸಾರ್. ಮೂತಿ ಏಳ್ದೆ ಇರ್ಲಿ ಅಂತ" ಎಂದರು ಯಜಮಾನರು.

"ಪ್ರಯಾಣಿಕರಾ, ಸಿಬ್ಬಂದಿಯಾ?"

"ಎರಡೂ ಅಲ್ಲ ಸಾರ್. ಸುಮ್ನೆ ಭಾರ."

ಸಾಹೇಬರು ಸ್ವಲ್ಪ ಯೋಚಿಸಿದರು. "ಭಾರಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಇರ್ಲಿ ಬಿಡಿ."

ಮೂಗಮ್ಮ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೆಲ್ಲ ಕಳೆ ಕಿತ್ತು ಬಂದವಳ ಸುಸ್ತಿತ್ತು.

"ನಾಗೇಂದ್ರಪ್ಪ, ನೀವು ಬರ್ದ್ರಲ್ಲ, ಅದ್ರಲ್ಲಿ ನಾನು ಎಷ್ಟ್ನೇಯವ್ಳು?"

ಯಜಮಾನರು ನನ್ನನ್ನೇ ನೋಡುತ್ತಿದ್ದರು.

"ಇದ್ರಲ್ಲಿ ನೀನಿಲ್ಲ ಮೂಗಮ್ಮ" ಅಂದೆ.

"ನಾಳೆ ಈ ಹಲ್ಗೆ ಕಿತ್ಕಂಡು ಮುಳುಗುದ್ರೆ?"

"ಏಳು ಜನರನ್ನ ಹುಡುಕ್ತಾರೆ."

ಅಷ್ಟು ನಿಜ ನನ್ನ ಬಾಯಲ್ಲಿ ಅದೇ ಮೊದಲು ಬಂದದ್ದು. ಮೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಇಲ್ದೋಳು ಕೂತ್ಕಳಾದೆಂಗೆ?" ಎಂದು ದಡಕ್ಕೆ ಇಳಿದಳು.

"ಏಯ್, ಕೂತ್ಕೊಳಮ್ಮಿ! ಹುಚ್ಚಯ್ಯ, ನಿನ್ನ ಹೆಂಡ್ತಿಗೆ ಹೇಳ್ಲಾ!"

ಹುಚ್ಚಯ್ಯ ಎಂಜಿನ್ ಮೇಲಿಂದ ಕೈ ತೆಗೆದ. "ನೀವೇ ಬನ್ನಿ ಬುದ್ದಿ. ಅವಳಿಗಿಂತ ಎರಡರಷ್ಟು ಅದೀರಿ, ಮೂತಿ ಅಳ್ಳಾಡದಿಲ್ಲ. ಸಾಹೇಬ್ರು ನಡ್ಮಧ್ಯ, ನೀವು ಮುಂದ್ಗಡೆ. ಒಂದು ಸುತ್ತು, ನಲವತ್ತು ಎಚ್‌ಪಿನೂ ಪೂರ್ತಿ ಕೊಡ್ತೀನಿ."

ಯಜಮಾನರ ಕಣ್ಣು ಹಿಂದಿನ ಹಲಗೆಗೆ ಹೋಯಿತು. ಬೋಲ್ಟಿನ ಬುಡದಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ಅವರು ನಿಂತ ಜಾಗದಿಂದ ಕದಲಲಿಲ್ಲ. ಸಾಹೇಬರೂ ಅವರ ಕಣ್ಣು ಹೋದ ಕಡೆ ನೋಡಿದರು, ಆಮೇಲೆ ಒಂದು ಕಾಲು, ಇನ್ನೊಂದು ಕಾಲು ಎಂದು ಜೋಪಾನವಾಗಿ ದಡಕ್ಕೆ ಬಂದು ಜಾಕೆಟ್ ಕಳಚಿದರು.

ಇಲ್ಲಿಗೆ ಮುಗಿಯಿತು, ನ್ಯಾಯ ಸಿಕ್ಕಿತು ಎಂದುಕೊಂಡೆ. ಎಂಥ ಮಂಕು ನಾನು! ಸಾಹೇಬರು ಫಾರಂ ಇಸಿದುಕೊಂಡು ಜೀಪಿನ ಬಾನೆಟ್ ಮೇಲಿಟ್ಟು ತಮ್ಮ ಕೈಯಾರೆ ಬರೆದರು: 'ಪರೀಕ್ಷಾ ಸಂಚಾರ ತೃಪ್ತಿಕರ'. ಸಹಿ, ಸೀಲು. ತಾವು ಕೂರಲು ಹೆದರಿದ ಬೋಟಿಗೆ ಊರ ಮಕ್ಕಳನ್ನು ಹತ್ತಿಸಲು ಅನುಮತಿ.

"ನಾಳೆಯಿಂದ ಗಂಡ ಹೆಂಡ್ತಿ ಇಬ್ರೂ ಬರ್ಬೇಡಿ" ಎಂದರು ಯಜಮಾನರು.

ಭಾನುವಾರ ಜನ ಕಿಕ್ಕಿರಿದು ಬಂದರು. ಮಂಡಿಯ ಟೆಂಪೊ ಓಡಿಸುವವನನ್ನು ಯಜಮಾನರು ಬೋಟ್ ನಡೆಸಲು ಕೂರಿಸಿದ್ದರು. ಬೇಡವೆಂದರೂ ಮೂಗಮ್ಮ, ಹುಚ್ಚಯ್ಯ ಬಂದಿದ್ದರು. ಬೋಟ್ ಹತ್ತುವ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ದಡ ಗುಡಿಸುವ ಉಳಿದ ಮೂವರು ಹೆಂಗಸರು ಪೊರಕೆ ಬದಿಗಿಟ್ಟು ಅವರ ಪಕ್ಕ ಕೂತರು. ಚುರುಮುರಿ ಮಾರುವ ಚಿಕ್ಕಮಲ್ಲಮ್ಮನೂ ಬುಟ್ಟಿ ಮುಚ್ಚಿ ಬಂದಳು. ಘೋಷಣೆ ಕೂಗಲು ಯಾರಲ್ಲೂ ತ್ರಾಣವಿರಲಿಲ್ಲ.

ಕಿಟಕಿಯ ಮುಂದೆ ಮೊದಲು ನಿಂತಿದ್ದಾಕೆಯ ಕಂಕುಳಲ್ಲಿ ಕೂಸಿತ್ತು. "ಐದು ಟಿಕೆಟ್ ಕೊಡಿ ಸಾರ್" ಎಂದಳು. ನನ್ನ ಕೈ ಪುಸ್ತಕದ ಮೇಲಿತ್ತು.

"ಬೋಟು ಸರಿಯಿಲ್ಲ ತಾಯಿ. ಹಲಗೆ ಕೊಳೆತಿದೆ. ಮಕ್ಕಳನ್ನ ಕರ್ಕೊಂಡು ಹೋಗಿ" ಅಂದೆ. ಹಿಂದೆ ನಿಂತವರಿಗೂ ಕೇಳಲೆಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಕಿಟಕಿ ಎಳೆದು, ಬೀಗ ಹಾಕಿ, ಹೊರಗೆ ಬಂದೆ.

"ಅವ್ನ ಮಾತು ಕೇಳ್ಬೇಡಿ, ಸರ್ಕಾರದ ಸೀಲದೆ!" ಎಂದು ಯಜಮಾನರು ಕಾಗದ ಎತ್ತಿ ತೋರಿಸಿದರು. ಸಾಲು ಕದಲಿತು, ಆದರೆ ಚದುರಲಿಲ್ಲ. ಯಾರಾದರೂ ಮೊದಲು ಹತ್ತಲಿ ಎಂದು ಎಲ್ಲರೂ ಕಾಯುತ್ತಿದ್ದರು. ಟೆಂಪೊದವನು ಎಂಜಿನ್ ಎಬ್ಬಿಸಿ ಸ್ವಲ್ಪ ಜೋರು ಮಾಡಿದ್ದಕ್ಕೇ ಖಾಲಿ ಬೋಟಿನ ಮೂತಿ ಮೇಲೆದ್ದಿತು. ಹೆದರಿ ಆರಿಸಿದ. ಯಜಮಾನರು ಮೆಟ್ಟಿಲ ಬಳಿ ಬಂದರು.

"ಯಾರಾದ್ರೂ ಒಬ್ಳು ಬಂದು ಮುಂದ್ಗಡೆ ಕೂತ್ಕಳ್ರಮ್ಮಿ. ದಿನಕ್ಕೆ ಐವತ್ತು ಜಾಸ್ತಿ."

ಆ ಐವತ್ತು ಬೇಡದವರು ಆ ಮೆಟ್ಟಿಲ ಮೇಲೆ ಒಬ್ಬರೂ ಇರಲಿಲ್ಲ. ಮೂಗಮ್ಮ ಸರಿದು ನನಗೆ ಜಾಗ ಕೊಟ್ಟಳು. ಕೂತೆ.

"ಏನ್ರಮ್ಮಿ, ಕೇಳ್ಸಲಿಲ್ವಾ? ನೂರು!"

ಯಾರೂ ಏಳಲಿಲ್ಲ.