ಹುಳು ಹಣ್ಣಾದ ದಿನ

ಸೊಸೆ ಓದಲಿ ಅನ್ನುವುದು ಸುಲಭ. ಮನೆ ತುಂಬ ರೇಷ್ಮೆಹುಳು ಇರುವಾಗ ಓದಲಿ ಅನ್ನುವುದಕ್ಕೆ ಎದೆಗಾರಿಕೆ ಬೇಕು. ಚಾಮರಾಜನಗರ ಸೀಮೆಯ ಹರವೆಯ ಹತ್ತಿರದ ಒಂದು ಊರಿನಲ್ಲಿ ಚಿಕ್ಕಮಲ್ಲಮ್ಮ ಆ ಎದೆಗಾರಿಕೆಯನ್ನು ಅರ್ಧದಷ್ಟು ತೋರಿಸಿದ್ದಳು. "ಓದಕೆ ಬ್ಯಾಡ ಅನ್ನಕಿಲ್ಲ ಕಣವ್ವ. ಆದ್ರೆ ಈ ಬೆಳೆ ಇಳಿಸ್ಬುಟ್ಟು ಓಗು. ಒಂದೇ ವರ್ಸ ನೋಡ್ತೀನಿ. ಸೀಟು ಸಿಕ್ಕುದ್ರೆ ಸಿಕ್ತು, ಸಿಕ್ನಿಲ್ಲ ಅಂದ್ರೆ ಆಮ್ಯಾಕೆ ಆ ಮಾತ ಎತ್ತಬ್ಯಾಡ" ಎಂದು ಸೊಸೆ ಕಾವ್ಯಶ್ರೀಗೆ ಹೇಳಿಬಿಟ್ಟಿದ್ದಳು.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಕಾವ್ಯಶ್ರೀ ಗುಂಡ್ಲುಪೇಟೆಯ ಹುಡುಗಿ. ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಮರುತಿಂಗಳೇ ಮದುವೆಯಾಗಿ ಈ ಮನೆಗೆ ಬಂದು ವರ್ಷ ತುಂಬಿತ್ತು. ಮೈಸೂರಿಗೆ ಹೋಗಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆಯನ್ನು ಗಂಡನಿಗೆ ಹೇಳಿದಾಗ ಅವನು ಹೂಂ ಅಂದಿದ್ದ. ರಾಜಶೇಖರ್ ಒಳ್ಳೆಯವನು. ಒಳ್ಳೆಯವರ ತೊಂದರೆ ಏನೆಂದರೆ ಅವರು ಎಲ್ಲರಿಗೂ ಹೂಂ ಅನ್ನುತ್ತಾರೆ. ಹೆಂಡತಿಗೆ ಅಂದ ಹೂಂ ತಾಯಿಗೂ ಅಂದಿದ್ದ.

ಅರ್ಜಿ ತಂದದ್ದು ಕಾವ್ಯಶ್ರೀಯ ಗೆಳತಿ ಉಮ್ಮೆ ಹಬೀಬಾ, ಚಾಮರಾಜನಗರದ ಟೈಲರ್ ಇನಾಯತ್ ಉಲ್ಲಾ ಅವರ ಮಗಳು. ಮೂರು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಡಬ್ಬಿಯಲ್ಲಿ ಉಂಡವರು. ಹಬೀಬಾಗೂ ಅದೇ ಸೀಟು ಬೇಕಿತ್ತು. ತಾಳವಾಡಿ ಕಡೆಯ ಒಂದು ಗಂಡು ಅವಳನ್ನು ನೋಡಿಕೊಂಡು ಹೋಗಿ, ಹೂಂ ಅನ್ನಿಸಿಕೊಳ್ಳಲು ಕಾಯುತ್ತಿತ್ತು. "ಸೀಟು ಸಿಕ್ಕಿದರೆ ಓದು, ಇಲ್ಲದಿದ್ದರೆ ನಿಕಾ" ಎಂದು ಅವಳ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಆ ಅರ್ಜಿಯನ್ನು ಕಾವ್ಯಶ್ರೀ ತುಂಬಿದ ಚಂದ ನೋಡಬೇಕಿತ್ತು. ಬೆಳಿಗ್ಗೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಬಂದು ಹೆಸರು ಬರೆದಳು. ಮಧ್ಯಾಹ್ನದ ಸೊಪ್ಪು ಆದ ಮೇಲೆ ಅಂಕಗಳನ್ನು ಬರೆದಳು. ಸಂಜೆ ತೋಟದಿಂದ ಹೊರೆ ಹೊತ್ತು ತಂದು, ಬೆರಳಿನ ಹಸಿರು ಕಲೆ ಹೋಗಲೆಂದು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು ಸಹಿ ಹಾಕಿದಳು. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕೆಂದಾಗ, ಎಮ್ಮೆಗೆ ಸೂಜಿ ಹಾಕಲು ಬಂದಿದ್ದ ದನದ ಡಾಕ್ಟರನ್ನೇ ಹಿಡಿದು ಹಟ್ಟಿಯಲ್ಲೇ ಸಹಿ ಮಾಡಿಸಿಕೊಂಡಳು. ಅರ್ಜಿ ಹೋಯಿತು. ಕೌನ್ಸೆಲಿಂಗಿಗೆ ಬನ್ನಿ ಎಂಬ ಕಾಗದ ಮನೆಗೇ ಬರುತ್ತದೆ ಎಂದು ಮೈಸೂರಿನಲ್ಲಿ ಹೇಳಿದ್ದರು.

ರೇಷ್ಮೆಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಮೂರನೇ ಜ್ವರ ಎದ್ದ ಮೇಲೆ ಆ ಮನೆಯಲ್ಲಿ ಮನುಷ್ಯರಿಗೆ ಬೆಲೆಯಿಲ್ಲ. ಹೊರಗಿನವರು ಹೊಸಲು ದಾಟುವಂತಿಲ್ಲ. ಸೋಂಕೂ ತಗಲಬಾರದು, ದೃಷ್ಟಿಯೂ ತಗಲಬಾರದು. ಬಾಗಿಲಿಗೆ ಅಡ್ಡವಾಗಿ ಸುಣ್ಣದ ಪುಡಿ ಎಳೆದು ಮೇಲೆ ಬೇವಿನ ಸೊಪ್ಪು ಕಟ್ಟುತ್ತಾರೆ. ಬಂದ ನೆಂಟರೂ ಜಗಲಿಯಲ್ಲೇ ಮಜ್ಜಿಗೆ ಕುಡಿದು ಹೋಗಬೇಕು. ಪೋಸ್ಟಿನವನಿಗೂ ಈ ಪದ್ಧತಿ ಗೊತ್ತಿತ್ತು. ಕೂಗದೆ, ಬಾಗಿಲು ಬಡಿಯದೆ, ಕಾಗದವನ್ನು ಜಗಲಿಯ ಮೇಲಿಟ್ಟು ಹೋಗುತ್ತಿದ್ದ.

ಕಾವ್ಯಶ್ರೀ ದಿನಾ ಸಂಜೆ ಜಗಲಿ ನೋಡುತ್ತಿದ್ದಳು. ಒಂದು ದಿನ ವಿದ್ಯುತ್ ಬಿಲ್ಲು ಇತ್ತು, ಇನ್ನೊಂದು ದಿನ ಯಾರದೋ ಗೃಹಪ್ರವೇಶದ ಪತ್ರಿಕೆ. ಚಾಮರಾಜನಗರಕ್ಕೆ ಹೋಗಿ ಹಬೀಬಾಳನ್ನು ಕೇಳಿ ಬರೋಣ ಎಂದು ಎರಡು ಸಲ ಸೀರೆ ಬದಲಾಯಿಸಿದಳು. ಎರಡು ಸಲವೂ ಸೊಪ್ಪಿನ ಹೊತ್ತಾಯಿತು. ಊರಿನಲ್ಲಿ ಮೊಬೈಲಿಗೆ ಸಿಗ್ನಲ್ಲು ಬೇಕೆಂದರೆ ಕೆರೆ ಏರಿ ಹತ್ತಬೇಕು, ಏರಿ ಹತ್ತಲು ಹುಳು ಬಿಡಬೇಕು. ನಾಳೆ ಹೋದರಾಯಿತು ಅಂದುಕೊಂಡಳು. ಹುಳುವಿನ ಮನೆಯಲ್ಲಿ ನಾಳೆ ಅನ್ನುವುದಕ್ಕೆ ಇವತ್ತಿಗಿಂತ ಹೆಚ್ಚು ಕೆಲಸ ಇರುತ್ತದೆ.

ಜುಲೈ ಇಪ್ಪತ್ತೊಂದರ ಶುಕ್ರವಾರ ಹುಳು ಹಣ್ಣಾದವು, ಅಂದರೆ ಮೇವು ಬಿಟ್ಟು ನೂಲು ಬಿಡುವ ಹದಕ್ಕೆ ಬಂದವು. ಹಣ್ಣಾದ ಹುಳು ಕಾಯುವುದಿಲ್ಲ. ಆರಿಸಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಸುರಿದುಬಿಡುತ್ತದೆ. ಮೂವರೂ ಬೆಳಗಿನಿಂದ ಬೆನ್ನು ಎತ್ತಿರಲಿಲ್ಲ. ಒಂದು ತಟ್ಟೆ ಖಾಲಿಯಾದಾಗ ಕಾವ್ಯಶ್ರೀ ಅದರ ತಳದ ಹಳೇ ಪೇಪರನ್ನು ಎಳೆದಳು. ಎರಡು ಮಡಿಕೆಯ ನಡುವಿನಿಂದ ಒಂದು ಕಂದು ಲಕೋಟೆ ಜಾರಿ ಕಾಲ ಮೇಲೆ ಬಿತ್ತು.

ಅವಳ ಹೆಸರೇ ಇತ್ತು. ಸೊಪ್ಪಿನ ರಸ ಕುಡಿದು ಅರ್ಧ ಹಸಿರಾಗಿತ್ತು. ಬಿಡಿಸಿ ಓದಿದಳು. ಪಟ್ಟಿಯಲ್ಲಿ ಅವಳದು ನಾಲ್ಕನೇ ಹೆಸರು. ಕೌನ್ಸೆಲಿಂಗ್ ಜುಲೈ ಇಪ್ಪತ್ತು, ಬೆಳಿಗ್ಗೆ ಹತ್ತು ಗಂಟೆ. ಅಂದರೆ ನಿನ್ನೆ.

ಏನಾಗಿದೆ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಟ್ಟೆಗೆ ಹಾಸಲು ರಾಜಶೇಖರ್ ಹಳೇ ಪೇಪರಿನ ಕಟ್ಟು ತಂದು ಜಗಲಿಯ ಮೇಲೆ ಇಟ್ಟಿದ್ದ. ಆಷಾಢದ ಗಾಳಿಗೆ ಕಾಗದ ಹಾರಿಹೋದೀತೆಂದು ಪೋಸ್ಟಿನವನು ಅದನ್ನು ಕಟ್ಟಿನೊಳಗೆ ಭದ್ರವಾಗಿ ಸಿಕ್ಕಿಸಿದ್ದ. ಪಾಪ, ಒಳ್ಳೆಯದನ್ನೇ ಮಾಡಿದ್ದ. ಆ ಕಟ್ಟನ್ನು ಒಳಗೆ ತಂದು, ಬಿಚ್ಚಿ, ಹಾಸಿ, ಮೇಲೆ ಹುಳು ಬಿಟ್ಟವಳು ಕಾವ್ಯಶ್ರೀಯೇ. ಹನ್ನೆರಡು ದಿನ ದಿನಕ್ಕೆ ನಾಲ್ಕು ಹೊತ್ತು ಅದರ ಮೇಲೆ ತಾನೇ ಸೊಪ್ಪು ಹಾಕಿದ್ದಳು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಸಿಗಲಿಲ್ಲ. ಅಳಲು ಕೂರೋಣವೆಂದರೆ ಮುಂದಿನ ತಟ್ಟೆಯ ಹುಳು ಆಗಲೇ ನೂಲು ಬಿಡುತ್ತಿದ್ದವು. ಲಕೋಟೆಯನ್ನು ರವಿಕೆಯೊಳಗೆ ತುರುಕಿ ಹುಳು ಆರಿಸಿದಳು.

ಮಧ್ಯಾಹ್ನ ಹೊರಗಿನಿಂದ ಯಾರೋ "ಕಾವ್ಯಾ" ಅಂದರು. ಹಬೀಬಾ ಬಂದಿದ್ದಳು. ಸುಣ್ಣದ ಗೆರೆಯ ಆಚೆ ನಿಂತಿದ್ದಳು, ಕಣ್ಣು ಊದಿಕೊಂಡಿತ್ತು. ಕಾವ್ಯಶ್ರೀ ಗೆರೆಯ ಈಚೆಯೇ ನಿಂತಳು. ಕೆಲಸದ ನಡುವೆ ಹೊರಗಿನವರನ್ನು ಮುಟ್ಟುವಂತಿರಲಿಲ್ಲ.

"ಯಾಕೆ ಬರಲಿಲ್ಲ ಕಣೇ? ನಿನ್ನ ಹೆಸರು ಮೂರು ಸಲ ಕೂಗಿದ್ರು. ನಾನು ಗೇಟಿನ ತನಕ ಓಡಿ ನೋಡ್ದೆ. ನಿಮ್ಮನೆಯವರ ಫೋನಿಗೆ ಹತ್ತು ಸಲ ಮಾಡ್ದೆ, ಹೋಗ್ಲೇ ಇಲ್ಲ. ನಂದು ವೇಟಿಂಗ್ ಲಿಸ್ಟಲ್ಲಿ ಮೊದಲ್ನೇದು. ಅದಕ್ಕೇ ನಾಚಿಕೆಯಾಗಿ ನಿಂಗೆ ಮೊದ್ಲೇ ಹೇಳಿರಲಿಲ್ಲ." ಹಬೀಬಾ ಮೂಗು ಒರೆಸಿಕೊಂಡಳು. "ನೀನು ಬರಲಿಲ್ಲ ಅಂತ ನಿನ್ನ ಸೀಟು ನಂಗೆ ಕೊಟ್ರು."

ಕಾವ್ಯಶ್ರೀ ಬೆರಳಿಗೆ ಅಂಟಿದ್ದ ನೂಲು ಬಿಡಿಸಿಕೊಂಡಳು.

"ಕ್ಲರ್ಕನ್ನ ಕೇಳ್ಕೊಂಡು ಬಂದಿದೀನಿ. ನಾಳೆ ಒಳಗೆ ನಾನು ಬೇಡ ಅಂತ ಬರೆದುಕೊಟ್ರೆ, ನೀನು ಕಾರಣ ಬರೆದುಕೊಟ್ರೆ, ನಿಂಗೇ ಕೊಡ್ತಾರಂತೆ. ಈಗ್ಲೇ ಹೊರಡು, ಹೋಗೋಣ. ಲೆಟರ್ ಬರಲಿಲ್ಲ ಅಂತ ಬರಿ. ಬರಲಿಲ್ಲ ತಾನೆ?"

ಬರಲಿಲ್ಲ ಅಂದರೆ ಸಾಕಿತ್ತು. ಒಂದೇ ಒಂದು ಮಾತು. ಲಕೋಟೆ ಎದೆಗೆ ಒತ್ತುತ್ತಿತ್ತು. ಕಾವ್ಯಶ್ರೀ ಗೆಳತಿಯ ಮುಖ ನೋಡಿದಳು. ಈ ಹುಡುಗಿ ನಿಜವಾಗಿಯೂ ಬರೆದುಕೊಡುತ್ತಾಳೆ, ಆಮೇಲೆ ಮನೆಗೆ ಹೋಗಿ ತಾಳವಾಡಿಯವನಿಗೆ ತಲೆ ಬಗ್ಗಿಸುತ್ತಾಳೆ, ಜನ್ಮದಲ್ಲಿ ಒಂದು ಸಲವೂ ಅದನ್ನು ಎತ್ತಿ ಆಡುವುದಿಲ್ಲ. ಅಷ್ಟು ಕಾವ್ಯಶ್ರೀಗೆ ಗೊತ್ತಿತ್ತು. ಕೊಡು ಎಂದು ಕೈ ಚಾಚುವ ಆಸೆ ಅವಳಿಗೆ ಆಗಲಿಲ್ಲವೆಂದಲ್ಲ. ಪ್ರಾಣ ಹೋಗುವಷ್ಟು ಆಯಿತು.

"ಲೆಟರ್ ಬಂದಿತ್ತು" ಅಂದಳು. "ನಾನೇ ಬರಲಿಲ್ಲ."

"ಅಂದ್ರೆ?"

"ನಂಗೆ ಬೇಡ ಅನ್ನಿಸ್ತು ಹಬೀಬಾ. ಮನೆ ಬಿಟ್ಟು ಅಷ್ಟು ದೂರ ಯಾಕೆ? ಇಲ್ಲೇ ಸುಖವಾಗಿದೀನಿ."

ಹಬೀಬಾಳ ಮುಖದಲ್ಲಿದ್ದ ಅಳು ನಿಂತಿತು. ಅದರ ಜಾಗಕ್ಕೆ ಬಂದದ್ದನ್ನು ಕಾವ್ಯಶ್ರೀ ಅದುವರೆಗೆ ಆ ಮುಖದಲ್ಲಿ ಕಂಡಿರಲಿಲ್ಲ. "ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ ನಾನು. ಕಳ್ಳಿ ಥರ ಅನ್ನಿಸ್ತಿತ್ತು. ನಿಂಗೆ ಬೇಡ ಅಂದ್ರೆ ನಂಗೊಂದು ಮಾತು ಹೇಳೋಕೆ ಏನಾಗಿತ್ತು? ಜೊತೇಲಿ ಅರ್ಜಿ ತುಂಬಿದ್ದು ತಮಾಷೆಗಾ?" ಉತ್ತರಕ್ಕೆ ಕಾಯಲಿಲ್ಲ. ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದಳು. ಅವಳನ್ನು ಕೂಗದಿರಲು ಕಾವ್ಯಶ್ರೀ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು.

ಹಿಂದೆ ಚಿಕ್ಕಮಲ್ಲಮ್ಮ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು. ಹತ್ತಿರ ಬಂದು ಎರಡೂ ಕೈಯಲ್ಲಿ ಸೊಸೆಯ ಕೆನ್ನೆ ಹಿಡಿದು ನೆಟಿಕೆ ಮುರಿದಳು.

"ನನ್ನವ್ವ, ನನ್ ತಾಯಿ! ಮನ್ಸಲ್ಲಿ ಇಂಗಿತ್ತಾ? ನಾನು ಪಾಪಿ, ಎಲ್ಲಿ ಓಗ್ಬುಟ್ಟಳೋ ಅಂತ ಕರುಳು ಹಿಚುಕ್ಕೊಂಡಿದ್ದೆ. ನನ್ ಒಟ್ಟೇಲಿ ಉಟ್ಟಿದ್ರೂ ಇಂಗೆ ಮಾಡ್ತಿರ್ನಿಲ್ಲ ಕಣವ್ವ."

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಕಾವ್ಯಶ್ರೀಯನ್ನು ಅಷ್ಟು ಪ್ರೀತಿಯಿಂದ ಯಾರೂ ಮುಟ್ಟಿರಲಿಲ್ಲ. ಆ ಪ್ರೀತಿಯಲ್ಲಿ ಒಂದು ಚೂರೂ ತನಗೆ ಸೇರಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಅತ್ತೆ ಆಗಲೇ ಒಳಕ್ಕೆ ಓಡಿ ಮಗನಿಗೆ ಹೇಳುತ್ತಿದ್ದಳು.

ರಾಜಶೇಖರ್ ಕೈಯಲ್ಲಿ ಹುಳು ಹಿಡಿದುಕೊಂಡೇ ಬಂದ. "ನಿಜ್ವಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಕೈಯಲ್ಲಿದ್ದ ಹುಳುವನ್ನು ಅಂಗೈಗೆ ಸರಿಸಿಕೊಂಡ. "ಮೊದ್ಲೇ ಹೇಳಿದ್ರೆ ಚೆನ್ನಾಗಿತ್ತು ಕಣಮ್ಮಿ. ಅವ್ವುಂಗೆ ಗೊತ್ತಿಲ್ಲ, ನೀನು ಮೈಸೂರಿಗೆ ಓದ್ರೆ ಎರಡು ವರ್ಸ ಹುಳ ಸಾಕದೇ ಬ್ಯಾಡ ಅಂತ ಪಕ್ಕದ ತ್ವಾಟದ ನೀಲಕಂಠಸ್ವಾಮಿಗೆ ನಮ್ ಸೊಪ್ಪ ಮಾರಕೆ ಮಾತಾಡ್ಬುಟ್ಟಿದ್ದೆ. ಸಂಜೆ ಓಗಿ ಬ್ಯಾಡ ಅಂದ್ಬುಟ್ಟು ಬತ್ತೀನಿ." ಅವನ ಮುಖ ನಿಧಾನಕ್ಕೆ ಹಗುರಾಯಿತು. "ಮುಂದ್ಲ ಬೆಳೆಗೆ ಇನ್ನೂ ಜಾಸ್ತಿ, ಇನ್ನೂರು ಮೊಟ್ಟೆ ಆಕನ ಅಂಗಾರೆ. ನೀನು ಇರ್ತೀಯಲ್ಲ."

"ಹೂಂ, ಆಕನ ಬುಡಿ" ಎಂದು ಕಾವ್ಯಶ್ರೀ ಮುಂದಿನ ತಟ್ಟೆಗೆ ಕೈ ಹಾಕಿದಳು.