ಉಡದ ಮೇಸ್ತ್ರಿಯ ವೈಸು

"ಕೈ ತೆಗಿ! ಇನ್ನೊಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ಯೋ, ನಿನ್ನ ಬೆರಳನ್ನೇ ಈ ವೈಸಿಗೆ ಕೊಟ್ಟು ತಿರುಗಿಸ್ತೀನಿ!"

"ಮೆಲ್ಲಗೆ ಮಾತಾಡೇ. ಅಪ್ಪನ್ನ ಈಗ ತಾನೆ ಮಣ್ಣು ಮಾಡಿ ಬಂದಿದೀವಿ."

"ನಿನಗೂ ಅದು ನೆನಪಿದ್ಯಲ್ಲ, ಪುಣ್ಯ."

ಅಣ್ಣ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟು ನೆಟ್ಟಗಾದ. ಇಸ್ತ್ರಿ ಮಾಡಿದ ಅಂಗಿಯ ತೋಳಿಗೂ ಅಂಗೈಗೂ ಗ್ರೀಸು ಮೆತ್ತಿತ್ತು. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ವೈಸನ್ನು ಬೆಂಚಿಗೆ ಬಿಗಿದಿದ್ದ ಒಂದು ಬೋಲ್ಟು ಆಗಲೇ ಸಡಿಲವಾಗಿತ್ತು. ಅದರ ದವಡೆಗಳ ನಡುವೆ, ಅಪ್ಪ ಕೊನೆಗೆ ಕೈಹಚ್ಚಿದ ಕಬ್ಬಿಣದ ತುಂಡು ಅರೆಬರೆ ಉಜ್ಜಿದ್ದು ಹಾಗೇ ಕೂತಿತ್ತು.

"ಅಪ್ಪನ ನೆನಪಿಗೆ ಅಂತ ನನಗೊಂದು ಬೇಡ್ವಾ? ಹೊಸ ಮನೇಲಿ ಇಟ್ಕೋತೀನಿ. ನೀನು ಹೇಗಿದ್ರೂ ಅಂಗಡಿ ಮುಚ್ತೀಯ."

"ಮುಚ್ತೀನಿ ಅಂತ ನಿನ್ನ ಕಿವೀಲಿ ಬಂದು ಹೇಳಿದ್ನಾ?"

"ಉಡದ ಮೇಸ್ತ್ರಿ ಇಲ್ಲ ಅಂದ್ಮೇಲೆ ಇಲ್ಲಿಗೆ ಕೆಲಸ ಯಾರು ತರ್ತಾರೆ? ಅವರ ಕೈಗೆ ಬರ್ತಿದ್ರು ಜನ. ನಿನ್ನ ಕೈಗಲ್ಲ."

ತಂಗಿ ಸಡಿಲವಾದ ಬೋಲ್ಟಿನ ಮೇಲೆ ಅಂಗೈ ಊರಿದಳು. ವರ್ಷದಿಂದ ಈ ಅಂಗಡಿಯಿಂದ ಹೊರಗೆ ಹೋದ ಕೆಲಸವೆಲ್ಲ ಅವಳ ಕೈಯದೇ. ಆದರೆ ಅದನ್ನು ಹೇಳಿದರೆ ಅಪ್ಪನ ಮಾನ ಬೀದಿಗೆ ಬೀಳುತ್ತಿತ್ತು. ಹೇಳದಿದ್ದರೆ ಅಂಗಡಿಯೇ ಹೋಗುತ್ತಿತ್ತು.

*

ಉಡ ಗೋಡೆ ಹಿಡಿದ ಹಾಗೆ ಹಿಡಿಯುತ್ತಾನೆ ಎಂದು ಜನ ಅಪ್ಪನಿಗಿಟ್ಟ ಹೆಸರು ಉಡದ ಮೇಸ್ತ್ರಿ. ತುಕ್ಕು ಹಿಡಿದ ನಟ್ಟನ್ನು ಬರಿ ಬೆರಳಲ್ಲಿ ಬಿಚ್ಚುತ್ತಿದ್ದ. ಇನ್ನೊಂದು ಹುಚ್ಚೂ ಇತ್ತು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ರಟ್ಟು ಕಿತ್ತ ಇಂಗ್ಲಿಷ್ ನಿಘಂಟಿನಲ್ಲಿ ಹಿಡಿಯುವುದು ಎಂಬ ಅರ್ಥದ ಮಾತುಗಳನ್ನೇ ಹೆಕ್ಕಿ, ಅವುಗಳ ಕುಲಗೋತ್ರ ಹುಡುಕುತ್ತಿದ್ದ.

ಅವಳು ಲಂಗ ಹಾಕುವ ವಯಸ್ಸಿನಲ್ಲಿ ಒಮ್ಮೆ, ಅವನು ವೈಸಿನಲ್ಲಿ ಬಿಗಿ ಮಾಡಿಟ್ಟಿದ್ದ ಕಬ್ಬಿಣದ ತುಂಡನ್ನು ಸುಮ್ಮನೆ ಬಿಚ್ಚಿದ್ದಳು. ಬೆನ್ನಿಗೆ ಒಂದು ಬಿತ್ತು.

"ಬಿಗಿ ಮಾಡಿದವರೇ ಬಿಚ್ಚಬೇಕು. ಅಳತೆ ಅವರ ತಲೇಲಿರುತ್ತೆ. ಈ ಅಂಗಡೀಲಿ ಅದೊಂದೇ ಕಾನೂನು." ಆಮೇಲೆ ಅಳುವವಳನ್ನು ಬೆಂಚಿನ ಮೇಲೆ ಕೂರಿಸಿ ವೈಸಿನ ತಿರುಪು ತೋರಿಸಿದ್ದ. "ಇದರ ಸುತ್ತು ನೋಡು, ಬಳ್ಳಿ ಕೋಲಿಗೆ ಸುತ್ತಿಕೊಂಡ ಹಾಗಿಲ್ವಾ? ಹಳೇ ಕಾಲದಲ್ಲಿ ದ್ರಾಕ್ಷಿಬಳ್ಳಿಗೆ ಇದ್ದ ಹೆಸರೇ ತಿರುಗಿ ತಿರುಗಿ ವೈಸ್ ಆಯ್ತಂತೆ. ಕ್ಲಚ್ ಅಂದ್ರೆ ಮೊದಲು ಬೆರಳು ಮಡಿಸೋದು, ಅಷ್ಟೇ. ಗ್ರಾಸ್ಪ್ ಅನ್ನೋದು ಗ್ರೋಪ್ ಅನ್ನೋದರ ಒಡಹುಟ್ಟು. ಒಂದು ಹಿಡಿಯುತ್ತೆ, ಇನ್ನೊಂದು ತಡಕುತ್ತೆ."

ಹೋದ ವರ್ಷ ಅವನಿಗೆ ಬೆರಳು ಮಡಿಸಲು ಆಗದೆ ಹೋಯಿತು. ಒಂದು ಬೆಳಿಗ್ಗೆ ವೈಸನ್ನು ತಿರುಗಿಸುವ ಸರಳಿಗೆ ತಡಕಾಡಿ, ಸಿಗದೆ, ನಕ್ಕ. "ಗ್ರಾಸ್ಪ್ ಹೋಯ್ತು ಕಣೇ, ಗ್ರೋಪ್ ಉಳೀತು. ಯಾರಿಗೂ ಹೇಳ್ಬೇಡ." ಅಂದಿನಿಂದ ಸರಳಿನ ಮೇಲೆ ಅವನ ಅಂಗೈ, ಅದರ ಮೇಲೆ ಅವಳದು. ಬಲವೆಲ್ಲ ಮೇಲಿನ ಕೈಯದು. ಗಿರಾಕಿ ಬಂದರೆ ಅವನು ಗದರುವುದು, ಅವಳು ತಲೆಯಾಡಿಸುವುದು. ನಾಟಕ ಚೆನ್ನಾಗಿಯೇ ನಡೆದಿತ್ತು.

*

ಗಲಾಟೆ ಕೇಳಿ ಅಂಗಳದಿಂದ ಸೋದರತ್ತೆ ಬಂದಳು. ಹಿಂದೆಯೇ ಪಕ್ಕದ ವೆಲ್ಡರ್, ಎದುರಿನ ಟೀ ಅಂಗಡಿಯಾಕೆ.

"ನಾಚಿಕೆ ಇಲ್ವೇನ್ರೋ? ಅವನು ಹೋದ ದಿನವೇ ನಾಯಿ ಹಾಗೆ ಕಚ್ಚಾಡ್ತೀರಲ್ಲ!"

"ನೀವೇ ಹೇಳಿ ಅತ್ತೆ," ಅಣ್ಣ ಅಂದ. "ಬಿಗಿ ಮಾಡಿದವರೇ ಬಿಚ್ಚಬೇಕು ಅಂತ ಅಪ್ಪನ ಕಾನೂನು. ಇದು ಅಪ್ಪ ಬಿಗಿ ಮಾಡಿದ್ದು. ಇನ್ನು ಬಿಚ್ಚೋರಿಲ್ಲ. ಹಾಗೇ, ತುಂಡಿನ ಸಮೇತ ತಗೊಂಡ್ಹೋಗ್ತೀನಿ. ತಪ್ಪಾ?"

ತಂಗಿ ಸ್ಪ್ಯಾನರನ್ನು ಅವನ ಕೈಗೆಟುಕದಂತೆ ಸರಿಸಿದಳು. ವೆಲ್ಡರ್ ಒಮ್ಮೆ ಕೆಮ್ಮಿದ.

"ಬಿಗಿ ಮಾಡಿದ್ದು ಇವಳು ಕಣಪ್ಪಾ. ಮೇಸ್ತ್ರಿ ಕೈಯಲ್ಲಿ ಹಿಡಿತ ಎಲ್ಲಿತ್ತು?"

ಅವಳು ತಿರುಗಿದಳು. "ಮಾವ! ನಿಮಗೆ—"

"ನಾನು ಕುರುಡನೇನೇ? ಅವನ ಕೈಗೆ ಕೊಟ್ಟ ಬೀಡಿ ಜಾರಿ ಬಿದ್ದಾಗಲೆಲ್ಲ ಗಾಳಿಗೆ ಬೈದಿದ್ದೀನಿ, ಫ್ಯಾನೇ ಇಲ್ಲದ ಕೋಣೇಲಿ."

"ನಾನು ಲೋಟ ಬಿಟ್ಟು ಹಿಡಿ ಇರೋ ಕಪ್ಪಿನಲ್ಲಿ ಕಳಿಸ್ತಿದ್ದೆ," ಟೀ ಅಂಗಡಿಯಾಕೆ ಅಂದಳು. "ಅದೂ ಅರ್ಧ. ಅರ್ಧ ಯಾಕೆ ಅಂತ ಒಂದಿನಾನೂ ಕೇಳ್ಲಿಲ್ಲ, ಪುಣ್ಯಾತ್ಮ. ಹಾಗಂತ ನಾವು ಕೆಲಸ ಬೇರೆ ಕಡೆ ಕೊಟ್ವಾ? ಯಾರ ಕೈ ಅಂತ ಗೊತ್ತಿದ್ದೇ ತರ್ತಿದ್ವಿ."

ಅಣ್ಣನ ಮುಖ ಸಣ್ಣದಾಯಿತು. "ನನಗೆ ಗೊತ್ತಿರಲಿಲ್ಲ."

"ನೀನು ಬಂದಾಗೆಲ್ಲ ನಿಮ್ಮಪ್ಪ ಕೈ ಕಟ್ಟಿಕೊಂಡೇ ಕೂತಿರ್ತಿದ್ದ," ಅತ್ತೆ ಅಂದಳು. "ನೋಡ್ಲಿಲ್ವೇನೋ?"

"ನನ್ನ ಮೇಲೆ ಸಿಟ್ಟು ಅಂದ್ಕೊಂಡೆ." ಅವನು ಬಾಗಿಲ ಕಡೆ ನೋಡಿದ. "ಅದಕ್ಕೇ ಬಾಗಿಲಲ್ಲೇ ನಿಂತು ಮಾತಾಡಿ ಹೋಗ್ತಿದ್ದೆ."

ತಂಗಿ ಮುಂದೆ ಬಂದು ವೈಸಿನ ಸರಳಿಗೆ ಕೈ ಹಾಕಿದಳು. ಈಗ ಕೆಳಗೆ ಇನ್ನೊಂದು ಅಂಗೈ ಇರಲಿಲ್ಲ. ಒಂದೇ ಎಳೆತಕ್ಕೆ ದವಡೆ ಬಿಟ್ಟಿತು. ತುಂಡನ್ನು ಸೀರೆ ಸೆರಗಿನಲ್ಲಿ ಒರೆಸಿ ಅಣ್ಣನ ಮುಂದೆ ಹಿಡಿದಳು.

"ಇದು ನಿನ್ನ ಹೊಸ ಮನೆ ಮುಂಬಾಗಿಲಿಗೆ ಅಂತ ಮಾಡ್ತಿದ್ದ ಹಿಡಿ. ಈ ತುದಿ ಅಪ್ಪ ಉಜ್ಜಿದ್ದು, ಕಬ್ಬಿಣ ಉಜ್ಜೋ ಅರಾನ ಅಂಗೈಗೆ ಕಟ್ಟಿಸಿಕೊಂಡು. ಬೇಡ ಅಂದ್ರೂ ಕೇಳ್ಲಿಲ್ಲ. ಉಳಿದದ್ದು ನಾನು. ಬೇಕಿದ್ರೆ ಇದನ್ನ ತಗೊಂಡ್ಹೋಗು. ವೈಸು ಮಾತ್ರ ಇಲ್ಲಿಂದ ಕದಲಲ್ಲ."

ಒಂದು ತುದಿಯಲ್ಲಿ ಗೆರೆಗಳು ಕುಡಿದವನ ನಡಿಗೆಯ ಹಾಗೆ ಅಡ್ಡಾದಿಡ್ಡಿ ಓಡಿದ್ದವು. ಅಣ್ಣ ಕೈ ಚಾಚಿದ. ಅಂಗೈಯ ಗ್ರೀಸು ಕಂಡು ಹಿಂದಕ್ಕೆ ತೆಗೆದುಕೊಂಡ.

"ಕೈ ತೊಳ್ಕೊಂಡು ಬರ್ತೀನಿ," ಅಂದ.

ಅಂಗಳದ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ತುಂಬ ಹೊತ್ತು ನೀರು ಸುರಿಯಿತು. ನಲ್ಲಿ ನಿಂತಿತು. ಗೇಟು ಕಿರುಗುಟ್ಟಿತು, ಅಣ್ಣನ ಕಾರು ಶುರುವಾಯಿತು, ದೂರವಾಯಿತು.

ಟೀ ಅಂಗಡಿಯಾಕೆ ಬಾಗಿಲ ಕಡೆ ನೋಡಿದಳು. ತಂಗಿ ನೋಡಲಿಲ್ಲ. ಸಡಿಲವಾಗಿದ್ದ ಬೋಲ್ಟನ್ನು ಅಣ್ಣ ಬಿಟ್ಟುಹೋದ ಸ್ಪ್ಯಾನರಿನಲ್ಲೇ ಬಿಗಿದಳು. ಅವನು ಒಯ್ಯದ ಹಿಡಿಯನ್ನು ಮತ್ತೆ ದವಡೆಗಳ ನಡುವೆ ಇಟ್ಟು, ಅಪ್ಪನ ಗೆರೆ ಓಡಿದ ತುದಿಯನ್ನು ಬೆಳಕಿಗೆ ತಿರುಗಿಸಿ, ಸರಳನ್ನು ಒಂದು ಸುತ್ತು ತಿರುಗಿಸಿದಳು.