ಹನ್ನೊಂದು ತಲೆಯ ಹವಳ

ಗಾಜಿನ ತೊಟ್ಟಿ ನನಗೆ ಬಿಟ್ಟಿ ಸಿಕ್ಕಿತು. ಬಿಟ್ಟಿ ಸಿಕ್ಕಿದ್ದು ಅದೊಂದೇ.

ಕೊಟ್ಟವರು ನಮ್ಮ ಡಯಾಲಿಸಿಸ್ ವಿಭಾಗದ ಏಳನೇ ಕುರ್ಚಿಯವರು. ಮೂವತ್ತೆಂಟು ವರ್ಷ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡಿದ ಮನುಷ್ಯ. ವಾರಕ್ಕೆ ಮೂರು ದಿನ ಬೆಳಗಿನ ಪಾಳಿಗೆ ಬರುತ್ತಾರೆ. ನಾನು ಅವರ ಎಡಗೈಗೆ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುತ್ತೇನೆ. ನಾಲ್ಕು ಗಂಟೆ ಅವರ ರಕ್ತ ಹೊರಗೆ ಹೋಗಿ, ತೊಳೆದುಕೊಂಡು ಒಳಗೆ ಬರುತ್ತದೆ. ಅಷ್ಟು ಹೊತ್ತೂ ಅವರು ಬಲಗೈಯಲ್ಲಿ ಪೆನ್ಸಿಲ್ ಹಿಡಿದು ದಿನಪತ್ರಿಕೆಯ ತಪ್ಪು ತಿದ್ದುತ್ತಿರುತ್ತಾರೆ. ಯಾರೂ ಕೇಳಿರುವುದಿಲ್ಲ. ತಿದ್ದಿದ ಪತ್ರಿಕೆಯನ್ನು ಹೋಗುವಾಗ ಕಸದ ಬುಟ್ಟಿಗೆ ಹಾಕಿ ಹೋಗುತ್ತಾರೆ.

ಅವರ ಮನೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಸಮುದ್ರದ ತೊಟ್ಟಿ ಇತ್ತು. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಹವಳ. ಹವಳ ಎಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲಲ್ಲ, ಜೀವ ಇರುವುದು. ಬಿಳಿ ಕಲ್ಲಿನ ಕೊಂಬೆಗಳು, ಪ್ರತಿ ಕೊಂಬೆಯ ತುದಿಯಲ್ಲಿ ಹಸಿರು ಬೆರಳುಗಳ ಗೊಂಚಲು. ಒಂದೊಂದು ಗೊಂಚಲಿಗೆ ಒಂದು ತಲೆ ಎಂದು ಲೆಕ್ಕ. ಅವರು ತಂದಾಗ ಒಂದೇ ತಲೆ ಇತ್ತಂತೆ, ಈಗ ಹನ್ನೊಂದು. ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆ ಮಾಡಿ ಕೈಯ ನರ ಉಬ್ಬಿಸಿದ ಮೇಲೆ ಆ ಕೈಯಲ್ಲಿ ಅವರು ಬಕೆಟ್ ಎತ್ತುವಂತಿಲ್ಲ, ಆ ಕೈಯನ್ನು ತೊಟ್ಟಿಗೆ ಇಳಿಸುವಂತಿಲ್ಲ. ಒಂದು ದಿನ ಪತ್ರಿಕೆ ಮಡಿಸಿಟ್ಟು ಕೇಳಿದರು.

"ನೀರಿನ ಕೆಲಸ ಗೊತ್ತಿರೋನು ನೀನು. ಇಟ್ಕೋತೀಯಾ? ಅಂಗಡಿಯವನಿಗೆ ಕೊಟ್ರೆ ತುಂಡು ತುಂಡು ಮಾಡಿ ಮಾರ್ತಾನೆ."

ಒಪ್ಪಿಕೊಂಡೆ. ನೀರಿನ ಕೆಲಸ ನನಗೆ ಗೊತ್ತಿದ್ದದ್ದು ನಿಜ. ರೋಗಿಗಳ ರಕ್ತ ತೊಳೆಯಲು ಬರುವ ನೀರನ್ನು ದಿನಾ ಪರೀಕ್ಷಿಸಿ ಸಹಿ ಹಾಕುವವನು ನಾನೇ. ಅಂಕಿ ಏರುಪೇರಾದರೆ ಯಂತ್ರ ಕಿರುಚುತ್ತದೆ, ನಾನು ಓಡುತ್ತೇನೆ, ಸರಿಮಾಡುತ್ತೇನೆ. ಒಂಬತ್ತು ವರ್ಷ ಇದನ್ನೇ ಮಾಡಿ ನನ್ನ ಕೈಗಳು ಸುಮ್ಮನಿರುವುದನ್ನು ಮರೆತಿವೆ.

ತೊಟ್ಟಿ ನಮ್ಮ ಎರಡನೇ ಮಹಡಿಯ ಮನೆಗೆ ಬಂತು. ಇನ್ನೂರು ಲೀಟರ್ ನೀರು ತುಂಬಿದ ಮೇಲೆ ಮೇಜಿನ ಕಾಲು ಸೊಟ್ಟಗಾಯಿತು. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಅವರ ಹಳೆಯ ದೀಪ ಸಾಗಿಸುವಾಗ ಒಡೆಯಿತು. ಮನೆಯ ಟ್ಯೂಬ್‌ಲೈಟ್ ಹಾಕಿದರೆ ಸಾಲದೇ ಎಂದು ಅಂಗಡಿಯಲ್ಲಿ ಕೇಳಿದಾಗ ಅಂಗಡಿಯವನು ನನ್ನನ್ನು ಪಾಪ ಎನ್ನುವಂತೆ ನೋಡಿದ. ಹವಳಕ್ಕೆ ಬೇಕಾದ ನೀಲಿ ದೀಪದ ಬೆಲೆ ನನ್ನ ಒಂದು ತಿಂಗಳ ಸಂಬಳ. ನೀರಿನ ಕೊಳೆಯನ್ನು ನೊರೆ ಮಾಡಿ ಎತ್ತುವ ಯಂತ್ರ, ಅಲೆ ಎಬ್ಬಿಸುವ ಎರಡು ಪಂಪು, ಬಿಸಿಲಿಗೆ ನೀರು ಕಾಯದಂತೆ ಫ್ಯಾನು, ಬಕೆಟ್‌ಗಟ್ಟಲೆ ಉಪ್ಪು. ಅಡುಗೆ ಉಪ್ಪಲ್ಲ, ಇದಕ್ಕೇ ಮಾಡಿದ ಉಪ್ಪು, ಎರಡು ವಾರಕ್ಕೊಮ್ಮೆ ನೀರು ಬದಲಿಸುವಾಗಲೆಲ್ಲ ಬೇಕು. ಸಮುದ್ರದಲ್ಲಿ ಬಿಟ್ಟಿ ಇರುವುದನ್ನೆಲ್ಲ ನಾನು ಪೊಟ್ಟಣದಲ್ಲಿ ಕೊಂಡೆ.

ಕದ್ದುಮುಚ್ಚಿ ಕೊಳ್ಳುವ ದಾರಿಯೂ ಇರಲಿಲ್ಲ. ನನ್ನ ಹೆಂಡತಿ ಕೊರಿಯರ್ ಕಚೇರಿಯ ಕೌಂಟರಿನಲ್ಲಿ ಪಾರ್ಸಲ್ ತೂಗುವವಳು. ನಮ್ಮ ಬಡಾವಣೆಗೆ ಬರುವುದೆಲ್ಲ ಅವಳ ಕೈ ದಾಟಿಯೇ ಬರಬೇಕು. ಬೆಲೆ ಡಬ್ಬದ ಮೇಲೇ ಬರೆದಿರುತ್ತದೆ. ಸಂಜೆ ಡಬ್ಬ ತಂದು ಮೇಜಿನ ಮೇಲಿಟ್ಟು, ತೂಕ, ಬೆಲೆ ಎರಡನ್ನೂ ಗಟ್ಟಿಯಾಗಿ ಓದಿ ಅಡುಗೆಮನೆಗೆ ಹೋಗುತ್ತಿದ್ದಳು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಅವಳ ಎಡಗಡೆಯ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಬೇಕಿತ್ತು. ದೀಪ ಬಂದ ತಿಂಗಳು ಅದನ್ನು ಮುಂದೂಡಿದೆವು. ಅವಳು ಬಲಗಡೆಯಲ್ಲಿ ಅಗಿಯುವುದನ್ನು ರೂಢಿ ಮಾಡಿಕೊಂಡಳು.

ಉಳಿತಾಯ ಆಗಿದ್ದು ನೀರಿನಲ್ಲಿ ಮಾತ್ರ. ವಿಭಾಗದ ಶುದ್ಧ ನೀರನ್ನು ಎರಡು ಕ್ಯಾನಿನಲ್ಲಿ ತುಂಬಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುತ್ತಿದ್ದೆ. ಮುಖ್ಯ ಸಿಸ್ಟರ್ ಒಪ್ಪಿಗೆ ಕೊಟ್ಟಿದ್ದರು, ಆದರೆ ಪ್ರತಿ ಸಲವೂ ಮೀನಿಗೆ ಯಾವ ಪಾಳಿ ಕೊಟ್ಟಿದ್ದೀಯ, ಅದಕ್ಕೂ ಕುರ್ಚಿ ಬೇಕಾ ಎಂದು ಕಿಚಾಯಿಸುತ್ತಿದ್ದರು.

ಏಳನೇ ಕುರ್ಚಿಯವರು ಫೋಟೋ ಕೇಳುತ್ತಿದ್ದರು, ಬಂದಾಗಲೆಲ್ಲ. ಫೋನನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ತಲೆ ಎಣಿಸುತ್ತಿದ್ದರು. ಅವರಿಗೆ ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಆರು ವರ್ಷ. ಇದನ್ನು ಹೇಳಿ ಯಾರ ಕಣ್ಣು ಒದ್ದೆ ಮಾಡುವುದೂ ಬೇಕಿಲ್ಲ. ಅವರು ಎಣಿಸುತ್ತಿದ್ದರು, ಅಷ್ಟೆ. ಏನಾದರೂ ಬದಲಿಸಬೇಕಾದರೆ ಮೊದಲು ನನ್ನನ್ನು ಕೇಳು ಎಂಬುದೊಂದೇ ಅವರು ಹಾಕಿದ ಷರತ್ತು.

ನಾಲ್ಕನೇ ತಿಂಗಳು ಒಂದು ರಜಾದಿನ ಸಂಜೆ ನೀರು ಪರೀಕ್ಷೆ ಮಾಡಿದೆ. ಕ್ಷಾರದ ಅಂಶ ಎಂಟು ಒಂಬತ್ತರಲ್ಲಿ ಇರಬೇಕಾದದ್ದು ಆರಕ್ಕೆ ಇಳಿದಿತ್ತು. ಮತ್ತೆ ಮಾಡಿದೆ, ಆರೇ. ಹವಳ ಕಲ್ಲು ಕಟ್ಟಿಕೊಳ್ಳುವಾಗ ಅದನ್ನು ತಿನ್ನುತ್ತದೆ, ತಿಂದಷ್ಟು ನಾವು ಹಾಕುತ್ತಿರಬೇಕು. ನನಗೆ ಗಾಬರಿಗಿಂತ ಖುಷಿಯೇ ಆಯಿತು. ಯಾಕೆಂದರೆ ಇದು ನನಗೆ ಗೊತ್ತಿದ್ದ ಕಾಯಿಲೆ. ನಮ್ಮ ರೋಗಿಗಳೂ ಹೀಗೇ ರಕ್ತದಲ್ಲಿ ಕ್ಷಾರ ಇಳಿಸಿಕೊಂಡು ಬರುತ್ತಾರೆ. ನಾವು ಅದೇ ಬೈಕಾರ್ಬೊನೇಟ್ ಪುಡಿ ಬಳಸಿ ನಾಲ್ಕು ಗಂಟೆಯಲ್ಲಿ ಸರಿಮಾಡಿ ಮನೆಗೆ ಕಳಿಸುತ್ತೇವೆ. ಪಾಳಿ ಮುಗಿದ ಮೇಲೆ ಎಸೆಯುವ ಪುಡಿ ನನ್ನ ಬಳಿ ಒಂದು ಡಬ್ಬದ ತುಂಬ ಇತ್ತು. ಅಂತೂ ಅಂಗಡಿಯವನಿಗೆ ದುಡ್ಡು ಸುರಿಯದೆ ಆಗುವ ಕೆಲಸ ಒಂದು ಸಿಕ್ಕಿತು.

ಗಂಟೆಗೊಮ್ಮೆ ಪುಡಿ ಕರಗಿಸಿ ಹಾಕಿದೆ, ಪರೀಕ್ಷೆ ಮಾಡಿದೆ, ಬರೆದಿಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ರೀ, ಅವರನ್ನ ಕೇಳಿದ್ರಾ?"

"ಮನುಷ್ಯರಿಗೇ ಹಾಕ್ತೀವಿ, ಇದೇನು ಮಹಾ."

ನಾಲ್ಕು ಗಂಟೆ ಮುಗಿಯುವಷ್ಟರಲ್ಲಿ ಹನ್ನೊಂದಕ್ಕೆ ತಂದಿದ್ದೆ. ಸ್ವಲ್ಪ ಹೆಚ್ಚೇ ಇರಲಿ, ಮತ್ತೆ ಇಳಿಯುತ್ತದಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೂರು ತಲೆಗಳು ಬೆರಳು ಒಳಗೆಳೆದುಕೊಂಡಿದ್ದವು. ಎರಡನೇ ದಿನ ಏಳು. ಮೂರನೇ ದಿನ ಒಂದು ತಲೆಯ ಮಾಂಸ ಕಂದು ಲೋಳೆಯಾಗಿ ಕಳಚಿ ಪಂಪಿನ ಅಲೆಗೆ ತೇಲಿತು. ಅದರ ಕೆಳಗೆ ಕಲ್ಲು ಬೆಳ್ಳಗೆ, ಹೊಸ ಹಲ್ಲಿನ ಹಾಗೆ ಕಾಣುತ್ತಿತ್ತು. ನಾನು ಕಾಲು ಸುಟ್ಟ ಬೆಕ್ಕಿನಂತೆ ಆದೆ. ಊಟದ ಬಿಡುವಿನಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದು ತೊಟ್ಟಿ ನೋಡುವುದು, ಉಣ್ಣದೆ ವಾಪಸು ಹೋಗುವುದು. ನೀರು ಬದಲಿಸಿದೆ, ಸರಿಯಾಗಲಿಲ್ಲ. ದೀಪ ಕಡಿಮೆ ಮಾಡಿದೆ, ಮತ್ತೆ ಜಾಸ್ತಿ ಮಾಡಿದೆ. ಹವಳವನ್ನು ಎಡದಿಂದ ಬಲಕ್ಕೆ ಇಟ್ಟೆ, ಸಂಜೆ ಮತ್ತೆ ಎಡಕ್ಕೆ ತಂದೆ. ಇನ್ನೊಂದು ಬಾಟಲಿ ಔಷಧ ತರಿಸಿದೆ. ಆವತ್ತು ಹೆಂಡತಿ ಡಬ್ಬದ ಬೆಲೆ ಓದಲಿಲ್ಲ. ಅದು ನನಗೆ ಓದಿದ್ದಕ್ಕಿಂತ ಜೋರಾಗಿ ಕೇಳಿಸಿತು.

ಏಳನೇ ಕುರ್ಚಿಯವರು ಫೋಟೋ ಕೇಳಿದರು. ಹಿಂದಿನ ತಿಂಗಳ ಫೋಟೋ ತೋರಿಸಿದೆ. ಅವರು ಎಣಿಸಿದರು, ಹನ್ನೊಂದು, ತಲೆಯಾಡಿಸಿದರು. ಮುಂದಿನ ಸರದಿಗೆ ಇನ್ನೊಂದು ಹಳೆಯದು. ನನಗೆ ಸುಳ್ಳು ಹೇಳುವುದು ಕಷ್ಟವಾಗಲಿಲ್ಲ, ಬೆರಳಿನಿಂದ ಸರಿಸಿದರೆ ಸಾಕು. ಆದರೆ ಅದಾದ ಮೇಲೆ ನಾಲ್ಕು ಗಂಟೆ ಅದೇ ಕೋಣೆಯಲ್ಲಿ ಅವರ ಸುತ್ತ ಓಡಾಡಬೇಕಿತ್ತು. ಆ ವಾರ ಎರಡು ಸಲ ಯಂತ್ರ ಕೂಗಿದಾಗ ಪರದೆ ಓದದೆ ಗುಂಡಿ ಒತ್ತಿ ಬಾಯಿ ಮುಚ್ಚಿಸಿದೆ. ಸಿಸ್ಟರ್ ನನ್ನನ್ನು ಮೂಲೆಗೆ ಕರೆದು, ಇನ್ನೊಂದು ಸಲ ಹೀಗೆ ಮಾಡಿದರೆ ಮೇಲಿನವರಿಗೆ ಬರೆದು ಕಳಿಸುತ್ತೇನೆ, ತಮಾಷೆ ಬೇರೆ ಕೆಲಸ ಬೇರೆ ಎಂದರು.

ಮೂರನೇ ಫೋಟೋ ತೋರಿಸಿದಾಗ ಅವರು ಎಣಿಸಲಿಲ್ಲ. ಫೋನನ್ನು ಹಿಡಿದುಕೊಂಡೇ ಇದ್ದರು.

"ಗಾಜಿನ ಮೇಲೆ ಈ ಗುಳ್ಳೆ ನೋಡು. ಮೊನ್ನೆ ತೋರಿಸಿದ್ರಲ್ಲೂ ಇಲ್ಲೇ ಇತ್ತು. ಗುಳ್ಳೆ ಎರಡು ದಿನ ಒಂದೇ ಕಡೆ ಕೂರಲ್ಲ ಕಣಪ್ಪ."

ಒಂದೇ ದಿನ ತೆಗೆದ ಎರಡು ಫೋಟೋ ಅವು. ನಾನು ಅವರ ಕೈಪಟ್ಟಿಯನ್ನು ಸರಿಮಾಡುವ ನೆಪದಲ್ಲಿ ಬಗ್ಗಿದೆ.

"ಎಷ್ಟು ತಲೆ ಉಳಿದಿದೆ?" ಎಂದು ಕೇಳಿದರು.

"ಎರಡು. ಮೂರನೇದು ಹೇಳೋಕಾಗಲ್ಲ."

ಆಮೇಲೆ ಎಲ್ಲ ಹೇಳಿದೆ. ಆರಕ್ಕೆ ಇಳಿದದ್ದು, ನಮ್ಮದೇ ಪುಡಿ ಹಾಕಿದ್ದು, ಹನ್ನೊಂದಕ್ಕೆ ಏರಿಸಿದ್ದು. ಎಷ್ಟು ದಿನದಲ್ಲಿ ಏರಿಸಿದೆ ಎಂದು ಕೇಳಿದರು. ನಾಲ್ಕು ಗಂಟೆ ಎಂದೆ. ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

"ನನ್ನನ್ನೂ ನೀನು ನಾಲ್ಕು ಗಂಟೇಲೇ ಸರಿ ಮಾಡಿ ಕಳಿಸ್ತೀಯ. ಇಲ್ಲಿಂದ ಹೋದ ಮೇಲೆ ನಾನು ಹೇಗಿರ್ತೀನಿ ಅಂತ ಯಾವತ್ತಾದ್ರೂ ನೋಡಿದ್ದೀಯಾ? ತಲೆ ಸಿಡಿಯುತ್ತೆ. ಬಾಗಿಲ ಚಿಲಕ ಹಾಕೋಕೆ ತ್ರಾಣ ಇರಲ್ಲ. ಮಾರನೇ ದಿನ ಮಧ್ಯಾಹ್ನಕ್ಕೆ ಮನುಷ್ಯ ಆಗ್ತೀನಿ. ನನಗೆ ಬೇರೆ ದಾರಿ ಇಲ್ಲ, ತಡ್ಕೋತೀನಿ. ಅದಕ್ಕೇನು ಗ್ರಹಚಾರ ಬಂದಿತ್ತು?"

ಒಂಬತ್ತು ವರ್ಷದಲ್ಲಿ ನಾನು ಯಾರನ್ನೂ ಬಾಗಿಲಿನಾಚೆ ನೋಡಿರಲಿಲ್ಲ. ಯಂತ್ರದ ಅಂಕಿ ಸರಿ ಬಂದರೆ ಹೆಸರಿನ ಮುಂದೆ ಸರಿ ಗುರುತು ಹಾಕಿ ಮುಂದಿನವರಿಗೆ ಕುರ್ಚಿ ಒರೆಸುತ್ತಿದ್ದೆ.

ಮರುದಿನ ಮಧ್ಯಾಹ್ನ ಬಾಡಿಗೆ ಕಾರು ಮಾಡಿಕೊಂಡು ಅವರೇ ನಮ್ಮ ಮನೆಗೆ ಬಂದರು. ಬರಬೇಡಿ ಎಂದರೂ ಕೇಳಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಉಸಿರು ಕಟ್ಟಿ ನಿಂತಾಗ ನನ್ನ ಹೆಂಡತಿ ಮೇಲಿಂದ ಕುರ್ಚಿ ಇಳಿಸಿದಳು. ಅವರು ಕೂತರು, ಎದ್ದರು, ಮುಂದಿನ ತಿರುವಿಗೆ ಕುರ್ಚಿ ಹೋಯಿತು. ಹೀಗೆ ಎರಡು ಮಹಡಿ.

ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ನಾನು ಪಕ್ಕದಲ್ಲಿ ನಿಂತು ಏನೇನು ಮಾಡಿದೆ ಎಂದು ಒಂದೇ ಸಮನೆ ಹೇಳುತ್ತಿದ್ದೆ. ಸ್ವಲ್ಪ ಬಾಯಿ ಮುಚ್ಚು ಎಂದರು, ಬೈಗುಳದ ದನಿಯಲ್ಲಲ್ಲ. ಬೆಸುಗೆಯವರು ಬಳಸುವಂಥ ತಂತಿ ಕತ್ತರಿಸುವ ಕಟ್ಟರ್ ಅವರ ಚೀಲದಲ್ಲಿತ್ತು. ಎಡಗೈ ನೀರಿಗೆ ಇಳಿಸುವಂತಿಲ್ಲವಾದ್ದರಿಂದ ಕತ್ತರಿಸುವುದು ನನ್ನ ಪಾಲಿಗೆ ಬಂತು. ಅನುಮಾನದ ಮೂರನೆಯದೂ ಸೇರಿ ಸತ್ತ ಒಂಬತ್ತು ಕೊಂಬೆಗಳಿಂದ ಜೀವ ಇದ್ದ ಎರಡನ್ನು ಬಿಡಿಸಬೇಕು, ಮಾಂಸಕ್ಕೆ ತಾಗಬಾರದು, ಬುಡದಲ್ಲಿ ಕಚ್ಚಬೇಕು. ಅವರು ಗಾಜಿನ ಮೇಲೆ ಬೆರಳಿಟ್ಟು ಜಾಗ ತೋರಿಸಿದರು. ಕಲ್ಲು ಮುರಿದ ಸದ್ದು ನೀರೊಳಗಿಂದ ನನ್ನ ಮೊಣಕೈವರೆಗೆ ಬಂತು. ಎರಡು ತುಂಡನ್ನೂ ಅಂಟು ಹಾಕಿ ಬೇರೆ ಬೇರೆ ಕಲ್ಲಿನ ಮೇಲೆ ನಿಲ್ಲಿಸಿದೆವು. ಉಳಿದ ಬಿಳಿ ಕೊಂಬೆಗಳನ್ನು ಹೆಂಡತಿ ಬಕೆಟ್ಟಿಗೆ ಹಾಕಿದಳು.

ಚಹಾ ಕುಡಿಯುವಾಗ ಅವಳು ನೇರವಾಗಿ ಕೇಳಿದಳು. ಈ ಹನ್ನೆರಡು ವರ್ಷದಲ್ಲಿ ಇದಕ್ಕೆ ಒಟ್ಟು ಎಷ್ಟು ಸುರಿದಿದ್ದೀರಿ?

"ಲೆಕ್ಕ ಇಟ್ಟಿದ್ರೆ ಎರಡನೇ ವರ್ಷವೇ ಮಾರಿಬಿಡ್ತಿದ್ದೆ ತಾಯಿ," ಎಂದರು. ಆಮೇಲೆ ಅವಳನ್ನೇ ನೋಡಿ, "ಎಡಗಡೆ ಹಲ್ಲು ನೋವಾ? ಬಿಸ್ಕತ್ತು ಒಂದೇ ಕಡೆ ಅಗೀತಿದ್ದೀಯ."

"ದೀಪ ಬಂತಲ್ಲ ಸರ್. ಹಲ್ಲಿಗೆ ಸರದಿ ಬಂದಿಲ್ಲ."

ಅವರು ನನ್ನ ಕಡೆ ತಿರುಗಿದರು. ನಾನು ತೊಟ್ಟಿಯ ಕಡೆ ತಿರುಗಿದೆ.

ಹೊರಡುವ ಮುಂಚೆ ಅವರು ಹೇಳಿದ್ದು ಇಷ್ಟೇ: ಎರಡು ವಾರ ಏನೂ ಮಾಡಬೇಡ. ಆವಿಯಾದಷ್ಟು ನೀರು ಸೇರಿಸು, ಮೀನಿಗೆ ಆಹಾರ ಹಾಕು, ಸಾಕು. ಪರೀಕ್ಷೆ ಬೇಡ, ಔಷಧ ಬೇಡ, ಕಲ್ಲು ಸರಿಸುವುದು ಬೇಡ. ಬದುಕಿದರೆ ಬದುಕುತ್ತದೆ. ನಾನು ಆಗಲಿ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಪರೀಕ್ಷೆಯ ಬಾಟಲಿಗಳನ್ನೂ ಪುಡಿಯ ಡಬ್ಬವನ್ನೂ ನನ್ನ ಹೆಂಡತಿಯ ಕೈಗೆ ಕೊಟ್ಟು, ನಿನ್ನ ಕಚೇರಿಯಲ್ಲಿ ಬೀಗ ಹಾಕಿಡು ಎಂದರು. ಅವಳು ಅಂದೇ ಒಯ್ದಳು.

ಆ ಎರಡು ವಾರದಂಥದ್ದನ್ನು ನಾನು ಎಂದೂ ಕಂಡಿಲ್ಲ. ಕೆಲಸದಿಂದ ಬಂದು ತೊಟ್ಟಿಯ ಮುಂದೆ ನಿಲ್ಲುತ್ತಿದ್ದೆ. ಒಂದು ತುಂಡು ಒರಗಿದಂತೆ ಕಾಣುತ್ತಿತ್ತು. ತೋಳು ಮಡಚಿ ಮುಚ್ಚಳ ಎತ್ತಿ, ಮತ್ತೆ ಮುಚ್ಚುತ್ತಿದ್ದೆ. ಮನೆಯ ನಲ್ಲಿಗಳ ವಾಷರ್ ಬದಲಿಸಿದೆ, ಸೋರದ ನಲ್ಲಿಯದ್ದೂ ಬದಲಿಸಿದೆ. ಸ್ಕೂಟರ್ ಎರಡು ಸಲ ತೊಳೆದೆ. ಒಂದು ಸಂಜೆ ಕೊರಿಯರ್ ಕಚೇರಿಗೇ ಹೋಗಿ ಒಂದೇ ಒಂದು ಸಲ ಪರೀಕ್ಷೆ ಮಾಡುತ್ತೇನೆ ಎಂದು ಕೇಳಿದೆ. ಅವಳು ಸಾಲಿನಲ್ಲಿ ನನ್ನ ಹಿಂದಿದ್ದವರನ್ನು ಕರೆದಳು. ಅಲ್ಲಿಂದ ಹಾಗೇ ದಂತವೈದ್ಯರ ಬಳಿ ಹೋಗಿ ಅವಳಿಗೆ ದಿನ ಗೊತ್ತುಮಾಡಿ ಬಂದೆ. ದುಡ್ಡು ಎಲ್ಲಿಂದ ತರುತ್ತೇನೆ ಎಂದು ಯೋಚಿಸಿರಲಿಲ್ಲ. ನನಗೆ ಏನಾದರೂ ಮಾಡಲೇಬೇಕಿತ್ತು.

ಹನ್ನೊಂದನೇ ದಿನ ಚಿಕ್ಕ ತುಂಡು ಲೋಳೆಯಾಯಿತು. ಅದನ್ನು ತೆಗೆದುಹಾಕಲೂ ಮನಸ್ಸಾಗದೆ, ಬಿಡಲೂ ಆಗದೆ, ಕೊನೆಗೆ ಬಿಟ್ಟೆ. ಮೀನುಗಳು ಅದರ ಸುತ್ತ ತಮ್ಮ ಪಾಡಿಗೆ ಓಡಾಡುತ್ತಿದ್ದವು.

ಮಾರನೆಯ ದಿನ ಅವರ ಸರದಿ. ಸೂಜಿ ಚುಚ್ಚುವ ಜಾಗ ಒರೆಸುತ್ತ ನಾನೇ ಬಾಯಿಬಿಟ್ಟೆ.

"ಒಂದು ಹೋಯ್ತು ಸರ್."

"ಇನ್ನೊಂದು?"

"ಇದೆ. ಬೆರಳು ಹೊರಗೆ ಬಂದಿಲ್ಲ, ಒಳಗೂ ಕೊಳೆತಿಲ್ಲ. ನಾನು ಮುಟ್ಟಿಲ್ಲ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ಓದಿದರು. ಆಮೇಲೆ ಪತ್ರಿಕೆ ಬಿಡಿಸಿಕೊಂಡರು. ನಾನು ಸೂಜಿ ಹಾಕಿ, ಯಂತ್ರ ಶುರುಮಾಡಿ ಎಂಟನೇ ಕುರ್ಚಿಗೆ ಹೋದೆ.